ಖಜಾನಿ ಬಾಗಲದ ಮುದ್ರಿ

ಕಿತ್ತೂರಿನ ಕಥಿ ಹೇಳಾವ್ರೆಲ್ಲಾ ತೋಪಿನ ಸಪ್ಪಳದಿಂದ ಸುರು ಮಾಡ್ತಾರ. ನಮ್ಮ ಮುತ್ಯಾ ಖಜಾನಿ ಬಾಗಲದಿಂದ ಸುರು ಮಾಡ್ತಿದ್ದ. "ಲಡಾಯಿ ಆಮ್ಯಾಲಿಂದು. ಮೊದಲ ಆ ಬಾಗಲಕ್ಕ ಕಂಪನಿ ಮುದ್ರಿ ಬಿತ್ತು ನೋಡ್ರಿ, ರಾಜ್ಯ ಹೋಗಿದ್ದು ಅವತ್ತ" ಅಂತಿದ್ದ. ಅಂವ ಕೇಳಿದ್ದು ತನ್ನ ಮುತ್ಯಾನ ಬಾಯಿಂದ. ನಾನು ಸಾಲಿ ಕಲ್ತ ಮ್ಯಾಲ ಗೆಜೆಟಿಯರು, ಇತಿಹಾಸದ ಪುಸ್ತಕ ತಿರುವ್ಯಾಡಿ ಅದಕ್ಕ ತಾರೀಖು ಹಚ್ಚೀನಿ. ಹಿಂಗಾಗಿ ಈ ಕಥಿಯೊಳಗಿನ ತಾರೀಖು ನಂದು, ಸಿಟ್ಟು ಅವಂದು.

1824ನೇ ಇಸವಿ. ಕಿತ್ತೂರಿನ ಗಾದಿ ಮ್ಯಾಲ ಶಿವಲಿಂಗರುದ್ರಸರ್ಜ. ಮಲ್ಲಸರ್ಜ ದೇಸಾಯಿಗೆ ಹಿರೇರಾಣಿ ರುದ್ರಮ್ಮನ ಹೊಟ್ಟಿಲೆ ಹುಟ್ಟಿದ ಮಗ. ಚನ್ನಮ್ಮ ಅವಂಗ ಮಲತಾಯಿ. ಆಕಿ ಹಡದ ಗಂಡು ಕೂಸು ಮೊದಲ ತೀರಿಹೋಗಿತ್ತು. ಈ ದೇಸಾಯಿಗೂ ಮಕ್ಕಳಿದ್ದಿಲ್ಲ, ಮೈಯಾಗ ಆರಾಮೂ ಇದ್ದಿಲ್ಲ. ಹೆಂಡತಿ ವೀರಮ್ಮ ಇನ್ನೂ ಸಣ್ಣ ಹುಡುಗಿ. ಕಾರಭಾರಿಗಳು, ಮನಿ ಹಿರೇರು ಕೂಡಿ ವಿಚಾರ ಮಾಡಿ ಮಾಸ್ತಮರಡಿ ಗೌಡರ ಮನಿಯಿಂದ ಶಿವಲಿಂಗಪ್ಪ ಅನ್ನೂ ಹುಡುಗನ್ನ ಕರ್ಕೊಂಡು ಬಂದು ದತ್ತಕ ಮಾಡಿದ್ರು. ಕುಲದಾಗ, ಕಾಯ್ದೆದಾಗ, ದೇವರ ಮುಂದ ನಡೀಬೇಕಾದ್ದು ಎಲ್ಲಾ ನಡೀತು. ಒಂದ ಉಳಿದಿತ್ತು: ಧಾರವಾಡದಾಗ ಕುಂತ ಸಾಹೇಬಗ ತಿಳಿಸೂದು. ಸೆಪ್ಟೆಂಬರ್ ಎರಡನೇ ವಾರದಾಗ ದತ್ತಕದ ಕಾಗದ ಧಾರವಾಡಕ್ಕ ಮುಟ್ಟೂದಕ್ಕೂ ದೇಸಾಯಿ ಸತ್ತ ಸುದ್ದಿ ಮುಟ್ಟೂದಕ್ಕೂ ಸರೀ ಆತು.

ಆ ಸಾಹೇಬ ಸೇಂಟ್ ಜಾನ್ ಥ್ಯಾಕರೆ. ಧಾರವಾಡದ ಕಲೆಕ್ಟರು, ಕಂಪನಿಯ ರಾಜಕೀಯ ಏಜೆಂಟು. ಮುಂದ ಇಂಗ್ಲಂಡದಾಗ ಕಾದಂಬರಿ ಬರದು ಹೆಸರ ಮಾಡಿದ ಥ್ಯಾಕರೆ ಅಂತ ಒಬ್ಬಾಂವ ಇದ್ದನಲ್ಲ, ಅವನ ಕಾಕಾ ಈತ. ಕಾಗದ ನೋಡಿದ್ದ ತಡ ಈತಗ ಸಂಶಯ ಬಂತು. ದೇಸಾಯಿ ಎಚ್ಚರ ಇದ್ದಾಗ ಮಾಡಿದ ಸಹಿ ಹೌದೋ ಅಲ್ಲೋ? ಉಸರ ಹೋದ ಮ್ಯಾಲ ಹಿಂದಿನ ತಾರೀಖು ಹಾಕಿ ಬರದದ್ದೋ? ಇಷ್ಟು ದಿವಸ ಯಾಕ ತಿಳಿಸಲಿಲ್ಲ? ಮುಖ್ಯ ಅಂದ್ರ, ನಮ್ಮನ್ನ ಕೇಳದ ಯಾಕ ಮಾಡಿದ್ರಿ?

ಇಲ್ಲೆ ಮುತ್ಯಾ ಕೈಯಾಗಿನ ಕಟಗಿಲೆ ಕೆಂಡ ಕೆದರಿ, "ಮಗನ್ನ ಮಾಡ್ಕೊಳ್ಳಾಕ ಯಾರನ್ನ ಕೇಳಬೇಕೋ?" ಅಂತಿದ್ದ. ನಾವು ಹುಡುಗೂರು ನಗ್ತಿದ್ವಿ. ದೊಡ್ಡಾವ್ರು ನಗ್ತಿದ್ದಿಲ್ಲ.

ಒಂದು ಮಾತು ಮುತ್ಯಾ ಹೇಳ್ತಿದ್ದಿಲ್ಲ, ನಾ ಹೇಳ್ತೀನಿ. ಕಿತ್ತೂರು ಇಂಗ್ರಜರಿಗೆ ಮೊದಲಿಂದ ವೈರಿ ಆಗಿದ್ದಿಲ್ಲ. 1818ರಾಗ ಪೇಶ್ವೆ ಬಾಜೀರಾಯನ ಕೂಡ ಕಂಪನಿ ಲಡಾಯಿಗೆ ನಿಂತಾಗ ಇದ ಶಿವಲಿಂಗರುದ್ರಸರ್ಜ ಥಾಮಸ್ ಮನ್ರೋನ ಕಡೆ ಆದಾಂವ. ಬೆಳಗಾವಿ ಕಿಲ್ಲೆ ಹಿಡೀಲಿಕ್ಕೆ ಸಹಾಯ ಮಾಡಿದ. ಅವನ ಸಿಟ್ಟಿಗೂ ಕಾರಣ ಇತ್ತು. ಅಪ್ಪ ಮಲ್ಲಸರ್ಜನ್ನ ಪೇಶ್ವೆ ಪುಣೇಕ್ಕ ಒಯ್ದು ಹಿಡಿದಿಟ್ಟು, ಇನ್ನ ಬದುಕೂದಿಲ್ಲ ಅಂದಾಗ ಬಿಟ್ಟು ಕಳಿಸಿದ್ದ. 1816ರಾಗ ಆತ ತೀರ್ಕೊಂಡ. ಅಂಥಾ ಪೇಶ್ವೆಯ ಮ್ಯಾಲಿನ ಹಗೆ ತೀರಿಸ್ಕೊಳ್ಳಾಕ ಹೋಗಿ ಮಗ ಕಂಪನಿಯ ಸನದಿಗೆ ಕೈ ಒಡ್ಡಿದ. ಸನದು ಕೊಟ್ಟಾಂವ ಮುಂದೊಮ್ಮೆ ಕೇಳಾವ ಅಂತ ಅವತ್ತ ಯಾರಿಗೆ ಹೊಳೀಬೇಕು? ಮುಂದ ಥ್ಯಾಕರೆ ಕಾರಭಾರಕ್ಕ ಇಟ್ಟ ಮಲ್ಲಪ್ಪಶೆಟ್ಟಿ, ವೆಂಕಟರಾಯ ಇಬ್ಬರ ತಲಿಗೆ ಎಲ್ಲಾ ಪಾಪ ಕಟ್ಟಿ ಕೈ ತೊಳ್ಕೊಳ್ಳೂದು ನಮ್ಮ ಮಂದಿಗೆ ಭಾಳ ಸಲೀಸು. ಆ ಇಬ್ಬರು ಮಾಡಿದ್ದು ಮಾಡ್ಯಾರ, ಖರೆ. ಆದ್ರ ಗಂಟು ಬಿದ್ದದ್ದು ಆರು ವರ್ಷ ಮೊದಲ.

ಈ ಕಥಿ ನಾ ಬುಡದಿಂದ ತುದಿತನಕಾ ಕೇಳಿದ್ದು ಬನದ ಹುಣ್ಣಿವಿಗೆ ಎಲ್ಲವ್ವನ ಗುಡ್ಡಕ್ಕ ಹೊಂಟಾಗ. ಬೈಲಹೊಂಗಲ ಕಡೆಯ ಚಕ್ಕಡಿಗೋಳು ಸಾಲಗಟ್ಟಿ ಸವದತ್ತಿಗೆ ಹೋಗೂ ಕಾಲ ಅದು. ಮುನವಳ್ಳಿ ಹತ್ರ ಮಲಪ್ರಭಾ ದಂಡಿಗೆ ಎತ್ತು ಬಿಚ್ಚಿ, ಕಣಿಕಿ ಹಾಕಿ, ಹತ್ತಿ ಕಟಗಿ ಒಟ್ಟಿ ಬೆಂಕಿ ಮಾಡಿದ್ವಿ. ಹತ್ತಿ ಕಟಗಿ ಬಕ್ಕನ ಹತ್ತಿ ಬಕ್ಕನ ಆರೂ ಜಾತಿದು. ಯಾರರೆ ಒಬ್ಬರು ಒಟ್ಟಕೊಂತ ಇರಬೇಕು. ಆ ದಗದ ನಂದು. ಸಜ್ಜಿ ರೊಟ್ಟಿ, ಸೇಂಗಾ ಹಿಂಡಿ ತಿಂದು ಎಲ್ಲಾರೂ ಕಂಬಳಿ ಹೊತ್ತು ಕುಂತಿದ್ರು. ರಾಮದುರ್ಗದ ನಮ್ಮ ಬೀಗರೂ ಅಲ್ಲೆ ಬಂದು ಕೂಡಿದ್ರು. ಮುತ್ಯಾಗ ಕೇಳಾವ್ರು ಹೆಚ್ಚಾದಂಗ ಹುರುಪು.

ಅಕ್ಟೋಬರಿನ್ಯಾಗ ಥ್ಯಾಕರೆ ಸ್ವತಃ ಕಿತ್ತೂರಿಗೆ ಬಂದ. ಸಂಗಡ ಕುದರಿ ತೋಪಿನ ಪಡೆ, ಕ್ಯಾಪ್ಟನ್ ಬ್ಲ್ಯಾಕ್. ಖಜಾನಿಗೆ ಮುದ್ರಿ ಒತ್ತಿಸಿದ, ತನ್ನ ಕಾವಲ ಕುಂದರಿಸಿದ. ಕಾರಭಾರ ನೋಡ್ಕೊಳ್ಳಾಕ ಕೊಣ್ಣೂರ ಮಲ್ಲಪ್ಪಶೆಟ್ಟಿ, ಹಾವೇರಿ ವೆಂಕಟರಾಯ. ಅರಮನಿಯೊಳಗಿನ ಹೆಣ್ಣಮಕ್ಕಳಿಗೆ ತಮ್ಮ ಮನಿ ರೊಕ್ಕ ತಾವು ಮುಟ್ಟಬೇಕಂದ್ರ ಪರರ ಅಪ್ಪಣಿ ಬೇಕಾತು. ಅದರ ಮ್ಯಾಲ ಈ ಸಾಹೇಬ ಇನ್ನೊಂದು ಹಟ ತಗದ: ಖಜಾನಿಯೊಳಗಿಂದು ಏನರೆ ಹೆಚ್ಚುಕಡಿಮಿ ಆದ್ರ ನಾವು ಜವಾಬ್ದಾರ ಅಂತ ಸಂಸ್ಥಾನದ ಮಂದಿ ಬರದು ಕೊಡಬೇಕು. ಮುದ್ರಿ ನಿಂದು, ಕಾವಲ ನಿಂದು, ಜವಾಬ್ದಾರಿ ಮಾತ್ರ ನಮದು! ಅವ್ರು ಬರದು ಕೊಡಲಿಲ್ಲ.

ನನಗನಸೂದು, ಥ್ಯಾಕರೆ ಕೆಟ್ಟ ಮನಿಷಾ ಇರಲಿಕ್ಕಿಲ್ಲ. ಕಾಗದದ ಮನಿಷಾ. ಕಾಗದ ಸರಿ ಇದ್ರ ಜಗತ್ತು ಸರಿ ಇರತೈತಿ ಅಂತ ನಂಬಿದಾಂವ. ಅಂಥಾವ್ರಿಗೆ ಮುಂದಿನವರ ಮಾರಿ ಓದೂದು ಬರೂದಿಲ್ಲ.

ಅಕ್ಟೋಬರ್ 23, ಶನಿವಾರ. ಮುಂಜಾನೆದ್ದು ನೋಡಿದ್ರ ಕ್ವಾಟಿ ಅಗಸಿ ಬಾಗಲಾ ಒಳಗಿಂದ ಹಾಕ್ಯಾರ. ಕಂಪನಿ ಕಾವಲಿನವರು ಕೆಲವರು ಒಳಗ, ಸಾಹೇಬ ಹೊರಗ. ತಗೀರಿ ಅಂತ ಹೇಳಿಕಳಿಸಿದ. ತಗೀಲಿಲ್ಲ. ಇಷ್ಟ ನಿಮಿಷದೊಳಗ ತಗೀದಿದ್ರ ತೋಪು ಹಚ್ಚಿ ಒಡಸ್ತೀನಿ ಅಂತ ಗಡುವು ಕೊಟ್ಟ, ತೋಪು ತರಿಸಿ ಬಾಗಲದ ಮುಂದ ನಿಲ್ಲಿಸಿದ. ಗಡುವು ತೀರ್ತು. ಬಾಗಲಾ ತಗೀತು. ಆದ್ರ ಶರಣಾಗೂ ಮಂದಿ ಬರಲಿಲ್ಲ. ಸರದಾರ ಗುರುಸಿದ್ದಪ್ಪನ ಮಂದಿ ಖಡ್ಗ ಹಿಡದು ಹೊಳಿ ಬಂದಂಗ ಬಂತು. ತೋಪಿಗೆ ಬತ್ತಿ ಹಚ್ಚಾಕೂ ಪುರಸೊತ್ತು ಕೊಡಲಿಲ್ಲ. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸೆವೆಲ್, ಲೆಫ್ಟಿನೆಂಟ್ ಡೈಟನ್, ಮೂರೂ ಅಧಿಕಾರಿಗಳು ಹೋದ್ರು. ಥ್ಯಾಕರೆ ಗುಂಡಿಗೆ ಬಿದ್ದ. ಆ ಗುಂಡು ಅಮಟೂರ ಬಾಳಪ್ಪಂದು ಅಂತ ನಮ್ಮ ನಾಡ ಹೇಳತೈತಿ. ಅಮಟೂರಿನವರ ಮುಂದ ಯಾರೂ ಅದಕ್ಕ ಪುರಾವೆ ಕೇಳಬ್ಯಾಡ್ರಿ, ಊಟಕ್ಕ ಕರ್ದಾವ್ರು ಎಬ್ಬಿಸಿ ಕಳಿಸ್ಯಾರು.

ಇಬ್ಬರು ಸಿವಿಲ್ ಸಾಹೇಬರು ಜೀವಂತ ಸಿಕ್ರು. ಸ್ಟೀವನ್ಸನ್, ಎಲಿಯಟ್. ಥ್ಯಾಕರೆಯ ಕೈಕೆಳಗಿನ ಎಳೇ ಅಧಿಕಾರಿಗಳು. ಅವತ್ತಿನ ಹೊತ್ತಿಗೆ ಊರ ಮಂದಿ ಕಣ್ಣಾಗ ನೆತ್ತರ ಇಳಿದಿತ್ತು. ಕೊಯ್ದು ಒಗದಿದ್ರ ಯಾರೂ ಯಾಕ ಅಂತಿದ್ದಿಲ್ಲ. ರಾಣಿ ಚನ್ನಮ್ಮ ಹಂಗ ಆಗಗೊಡಲಿಲ್ಲ. ಅರಮನಿಯೊಳಗ ಇಟ್ಟು, ಅನ್ನ ನೀರು ಕೊಟ್ಟು, ಜೀವಕ್ಕ ಧಕ್ಕಿ ಬರದಂಗ ನೋಡ್ಕೊಂಡ್ಳು. ಡಿಸೆಂಬರ್ 2ರ ತನಕಾ, ಅಂದ್ರ 40 ದಿವಸ. ನಮ್ಮ ಮುತ್ಯಾ ಇದನ್ನ ಹೇಳೂ ಮುಂದ ದನಿ ಇಳಸ್ತಿದ್ದ, ಚನ್ನಮ್ಮನ ಖಡ್ಗಕ್ಕಿಂತಾ ಇದು ಅವಂಗ ದೊಡ್ಡದು.

ಮುತ್ಯಾಗ ಗೊತ್ತಿಲ್ಲದ್ದೊಂದು ಇಲ್ಲೆ ಕೂಡಸ್ತೀನಿ. ಆ ಸೆರಿ ಸಿಕ್ಕ ವಾಲ್ಟರ್ ಎಲಿಯಟ್‌ಗ ಆವಾಗ 21 ವರ್ಷ. ಬಿಡುಗಡಿ ಆದ ಮ್ಯಾಲ ಈ ಭಾಗದಾಗ 1833ರ ತನಕಾ ನೌಕರಿ ಮಾಡಿದ. ನಮ್ಮ ಊರ ಗುಡಿ ಮುಂದ, ಕೆರಿ ದಂಡಿ ಮ್ಯಾಲ ಮಂದಿ ಅರಬಿ ಒಗ್ಯಾಕ ಬಳಸೂ ಬರದ ಕಲ್ಲುಗಳನ್ನ ಹುಡಿಕ್ಯಾಡಿ, ಪಂಡಿತರನ್ನ ಕುಂದರಿಸಿ ನಕಲು ಮಾಡಿಸಿದ. 595 ಶಾಸನ. ಅದರ ಆಧಾರದ ಮ್ಯಾಲ ಚಾಲುಕ್ಯರ ವಂಶಾವಳಿ ಬರದು ಲಂಡನ್ನಿನ ಏಷಿಯಾಟಿಕ್ ಸೊಸೈಟಿ ಪತ್ರಿಕಾದಾಗ ಅಚ್ಚು ಹಾಕಿಸಿದ. ಕನ್ನಡ ನಾಡಿನ ಅರಸರ ಇತಿಹಾಸ ಕಲ್ಲಿನಿಂದ ಕಾಗದಕ್ಕ ಬರಾಕ ಮೊದಲ ಕೈ ಹಚ್ಚಿದಾವ್ರೊಳಗ ಆತ ಒಬ್ಬ. ಕಿತ್ತೂರಿನ ಸಿಟ್ಟು ಅವತ್ತೊಂದು ದಿನ ಹದ್ದು ಮೀರಿದ್ರ ಈ ಕೆಲಸ ಯಾವ ಕಾಲಕ್ಕ ಆಕ್ಕಿತ್ತೋ, ಯಾರ ಕೈಲೆ ಆಕ್ಕಿತ್ತೋ. ನಮ್ಮ ಕಿತ್ತೂರು ಉತ್ಸವದ ಭಾಷಣದಾಗ ಇದನ್ನ ಯಾರೂ ಹೇಳಿದ್ದು ನಾ ಕೇಳಿಲ್ಲ. ಹೇಳಬೇಕು.

ಅಕ್ಟೋಬರ್ 23ರಿಂದ ಡಿಸೆಂಬರ್ ತನಕಾ ಕಾಗದದ ಲಡಾಯಿ ನಡೀತು. ದಖನ್ನಿನ ಕಮಿಷನರ್ ಚಾಪ್ಲಿನ್ ಪುಣೇದಿಂದ ಬಂದ. ಮದ್ರಾಸು, ಮುಂಬೈ ಎರಡೂ ಕಡೆಯಿಂದ ಪಲ್ಟಣ ಕೂಡಿದ್ವು. ಕರ್ನಲ್ ಡೀಕನ್ ಮುಖ್ಯಸ್ಥ. ರಾಣಿ ಬರಸಿದ ಅರ್ಜಿಗಳ ಸಾರ ಇಷ್ಟ: ಜಗಳ ನಾವು ತಗದದ್ದಲ್ಲ, ಥ್ಯಾಕರೆಯ ದುಡುಕಿನಿಂದ ಆದದ್ದು, ಸಂಸ್ಥಾನ ನಮಗ ಉಳಿಸಿಕೊಡ್ರಿ. ಚಾಪ್ಲಿನ್ನನ ಉತ್ತರದಾಗ ಮೊದಲ ಸಾಲು ಸೆರಿಯಾಳು ಬಿಡ್ರಿ ಅನ್ನೂದು, ಆಮ್ಯಾಲಿಂದು ಆಮ್ಯಾಲ. ಸಂಧಾನ ಆದೀತು ಅನ್ನೂ ಆಸೆದಾಗ ಡಿಸೆಂಬರ್ 2ಕ್ಕ ಇಬ್ಬರನ್ನೂ ಬಿಟ್ಟು ಕಳಿಸಿದ್ರು. ಕೈಯಾಗಿದ್ದ ಹುಕುಂ ಎಲಿ ಕೊಟ್ಟ ಮ್ಯಾಲ ಆಟ ಎಲ್ಲಿಂದು? ಮರುದಿನ ತೋಪು ಸುರು ಆದ್ವು.

ಬೆಂಕಿ ಸುತ್ತ ಕುಂತಾವ್ರು ಇಲ್ಲೆ ಯಾವಾಗಲೂ ಎರಡು ಪಕ್ಷ. ಬಿಡಬಾರದಿತ್ತು ಅಂತ ಒಬ್ಬರು. ಬಿಡದಿದ್ರ ಆಕಿ ಚನ್ನಮ್ಮ ಹೆಂಗಾಕ್ಕಿದ್ಲು ಅಂತ ಮತ್ತೊಬ್ಬರು. ಮುತ್ಯಾ ಎರಡೂ ಕಡೆ ತಲಿ ಹಾಕಿ, ಎಲಿ ಅಡಿಕಿ ಹಾಕ್ಕೊಂತ ಕುಂದರತಿದ್ದ.

ಲಡಾಯಿಯೊಳಗ ಮೊದಲ ಗಡಾದ ಮರಡಿ ಅನ್ನೂ ದಿಬ್ಬ ಕಂಪನಿ ಕೈಗೆ ಹೋತು. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ಥಾಮಸ್ ಮನ್ರೋನ ಸಂಬಂಧಿಕ, ಈ ಸುತ್ತಿನ್ಯಾಗ ಗುಂಡು ತಗಲಿ ಸತ್ತ. ಕಿತ್ತೂರಿನ ತೋಪು ಯಾಕ ಮಾತಾಡಲಿಲ್ಲ ಅಂದ್ರ, ಮದ್ದಿನಾಗ ಸಗಣಿ, ನವಣಿ ಕಲಿಸಿದ್ರು ಅಂತ ಜನ ಹೇಳ್ತಾರ. ಲಾವಣಿ ಹಾಡಾವ್ರು ಆ ಜಾಗಕ್ಕ ಬಂದ್ರಂದ್ರ ಕೇಳಾವ್ರು ಹಲ್ಲು ಕಡೀತಾರ. ಕಲಿಸಿದ್ರೋ ಇಲ್ಲೋ, ಎರಡು ಪ್ರಾಂತದ ತೋಪು ಒಂದ ಕ್ವಾಟಿ ಮ್ಯಾಲ ಬಿದ್ವು. ಡಿಸೆಂಬರ್ 5ಕ್ಕ ಕಿತ್ತೂರು ಬಿತ್ತು. ಮುದ್ರಿ ಒತ್ತಿದ್ದ ಆ ಖಜಾನಿಯೊಳಗ ಹದಿನೈದು ಲಕ್ಷದಷ್ಟು ರೊಕ್ಕ, ಮ್ಯಾಲ ಒಡವಿ ಸಿಕ್ಕವು. ಈಗ ಕಿತ್ತೂರಿಗೆ ಹೋದ್ರ ಉಳಿದ ಗ್ವಾಡಿ, ಜಳಕದ ಮನಿ, ಧ್ರುವ ನಕ್ಷತ್ರ ನೋಡಾಕ ಅಂತ ಮಾಡಿದ ಕೊಳವಿ ತೋರಸ್ತಾರ. ಥ್ಯಾಕರೆಯ ನೆನಪಿನ ಕಂಬ ಧಾರವಾಡದಾಗೈತಿ.

ರಾಣೀರನ್ನ ಬೈಲಹೊಂಗಲ ಕಿಲ್ಲೆಕ್ಕ ತಂದಿಟ್ರು. ಚನ್ನಮ್ಮ ಅಲ್ಲೆ ನಾಕು ವರ್ಷದ ಮ್ಯಾಲ ಕಳದು 1829ರ ಫೆಬ್ರವರಿ ತಿಂಗಳದಾಗ ತೀರ್ಕೊಂಡ್ಳು. ಬೈಲಹೊಂಗಲದಾಗ ಸಮಾಧಿ ಐತಿ. ಮುತ್ಯಾ ಹತ್ತಿ ಅಂಡಿಗಿ ಪ್ಯಾಟ್ಯಾಗ ಹಾಕಿದ ಮ್ಯಾಲ ರೊಕ್ಕ ಸೊಂಟಕ್ಕ ಕಟಗೊಂಡು ಮೊದಲ ಅಲ್ಲಿಗೆ ಹೋಗಿ ಹಣಿ ಹಚ್ಚಿ ಬರತಿದ್ದ. ಚಾದ ಅಂಗಡಿ ಆಮ್ಯಾಲ. ಕಥಿಯೊಳಗ ಮಾತ್ರ ಈ ನಾಕು ವರ್ಷಕ್ಕ ಒಂದ ಮಾತು ಹೇಳಿ ಮುಂದ ಹೋಗ್ತಿದ್ದ. ಹೆಣ್ಣಮಕ್ಕಳು ಸೆರಿಯಾಗ ದಿವಸ ಹೆಂಗ ಕಳದ್ರು ಅನ್ನೂದು ಗಂಡಸರ ಕಥಿಯೊಳಗ ಇರೂದಿಲ್ಲ.

ಆಮ್ಯಾಲ ಕಿತ್ತೂರಿಗಾಗಿ ಮತ್ತ ಎದ್ದು ನಿಂತ ಸಂಗೊಳ್ಳಿ ರಾಯಣ್ಣನ ಕಥಿ ಬಂದಾಗ ಬೆಂಕಿಗೆ ಎರಡು ಹೊರಿ ಕಟಗಿ ಹೆಚ್ಚಿಗಿ ಬೇಕು. ಆದ್ರ ನಾ ಇಲ್ಲೆ ಒಂದ ಸಂಗತಿ ಹೇಳ್ತೀನಿ. ರಾಯಣ್ಣ ಶೇತಸನದಿ, ಊರ ಕಾವಲಿಗೆ ಬದಲಿ ಇನಾಮ ಹೊಲ ಉಣ್ಣಾಂವ. ಕಂಪನಿ ಬಂದ ಮ್ಯಾಲ ಅಂಥಾ ಹೊಲಕ್ಕೆಲ್ಲಾ ಪಟ್ಟಿ ಬಿತ್ತು, ಕಾಗದ ತೋರಸ್ರಿ ಅನ್ನೂ ಕಾಟ ಹತ್ತಿತು. 1830ರ ಜನವರಿದಾಗ ಅವನ ಮಂದಿ ಬೀಡಿ ಊರಿನ ಕಚೇರಿ ಸುಟ್ರು. ಕಚೇರಿ ಸುಡೂದಂದ್ರ ದಫ್ತರ ಸುಡೂದು. ಯಾವ ಕಾಗದದ ಮ್ಯಾಲ ಕಿತ್ತೂರು ಹೋಗಿತ್ತೋ, ಯಾವ ಕಾಗದದ ಮ್ಯಾಲ ಹೊಲ ಹೊಂಟಿತ್ತೋ, ಅದಕ್ಕ ಬೆಂಕಿ ಇಟ್ಟದ್ದು. ಸುಮ್ಮನ ಪುಂಡಾಟಕಿ ಅಂತ ಬರದ ಸಾಹೇಬರಿಗೆ ಇದು ತಿಳೀಲಿಲ್ಲೋ, ತಿಳದೂ ಬರೀಲಿಲ್ಲೋ. ನಮ್ಮವರ ಹಿಡದು ಕೊಟ್ರು; ನಂದಗಡದಾಗ ಗಲ್ಲು ಆತು. ಅವನ ಸಮಾಧಿ ಮ್ಯಾಲಿನ ಆಲದ ಗಿಡಕ್ಕ ಮಕ್ಕಳಿಲ್ಲದಾವ್ರು ಇವತ್ತೂ ಸಣ್ಣ ಸಣ್ಣ ತೊಟ್ಟಲಾ ಕಟ್ತಾರ.

ಇಷ್ಟೊತ್ತು ಸುಮ್ಮನ ಕುಂತಿದ್ದ ರಾಮದುರ್ಗದ ಬೀಗರು ಆವಾಗ ಬಾಯಿ ಬಿಟ್ರು. "ನಿಮ್ಮ ಕಿತ್ತೂರ ಒಂದ ಅಂತ ತಿಳೀಬ್ಯಾಡ್ರಿ ಮಾವಾರ. ನಮ್ಮ ಸುರೇಬಾನದಾಗ ಏನಾತು?" ಅಂದ್ರು. ಏನಾತಂದ್ರ, 34 ವರ್ಷದ ಮ್ಯಾಲ ಇದ ದತ್ತಕದ ಕಾಗದ ಮತ್ತೊಂದು ಮನಿ ಹೊಕ್ತು. ನರಗುಂದದ ಬಾಬಾಸಾಹೇಬ, ಭಾಸ್ಕರರಾವ್ ಭಾವೆ. ಮಕ್ಕಳಿದ್ದಿಲ್ಲ, ದತ್ತಕಕ್ಕ ಅಪ್ಪಣಿ ಕೇಳಿದ, ಸರಕಾರ ಕೊಡಲಿಲ್ಲ. ಅಷ್ಟೊತ್ತಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ಹೋಗಿದ್ದ. ಕಿತ್ತೂರಿನ್ಯಾಗ ಥ್ಯಾಕರೆಯ ಸಂಶಯ ಆಗಿದ್ದದ್ದು ಈಗ ಇಡೀ ದೇಶದ ಕಾಯ್ದೆ ಆಗಿ ಕುಂತಿತ್ತು. ಮನಿಯೊಳಗಿನ ಹತ್ಯಾರ ಸೈತ ತಂದು ಒಪ್ಪಸ್ರಿ ಅಂತ ಇನ್ನೊಂದು ಹುಕುಂ. 1858ರ ಮೇ 29ರ ರಾತ್ರಿ, ಏಜೆಂಟ್ ಮ್ಯಾನ್ಸನ್ ಸುರೇಬಾನದಾಗ ಬಿಡಾರ ಮಾಡಿ ಪಾಲಕಿಯೊಳಗ ಮಲಗಿದ್ದ. ಬಾಬಾಸಾಹೇಬನ ಮಂದಿ ಬಂದು ರುಂಡ ಕಡದು ಒಯ್ದು ನರಗುಂದದ ಅಗಸಿಗೆ ತೂಗಹಾಕಿದ್ರು. ಜೂನ್ 12ಕ್ಕ ಬೆಳಗಾವಿಯೊಳಗ ಬಾಬಾಸಾಹೇಬಗ ಗಲ್ಲು. ಮಜಾ ಅಂದ್ರ, ಅದ ಹೊತ್ತಿನ್ಯಾಗ ರಾಮದುರ್ಗ ಆಳ್ತಿದ್ದಾಂವ ಅವನ ಮಲತಮ್ಮ. ಅಂವ ಇಂಗ್ರಜರ ಕಡೆ. ನರಗುಂದ ಹೋತು, ರಾಮದುರ್ಗ ಉಳೀತು, ಉಳದು 1939ರ ಏಪ್ರಿಲ್ ತಿಂಗಳದಾಗ ತನ್ನ ಪ್ರಜಾ ಜೇಲಿಗೆ ನುಗ್ಗಿದ್ದನ್ನ, ಎರಡೂ ಕಡೆ ಹೆಣ ಬಿದ್ದದ್ದನ್ನ ಕಣ್ಣಾರೆ ಕಾಣೂ ಹಂಗಾತು. ಆ ಕಥಿ ಬೀಗರು ಅವತ್ತ ಪೂರ್ತಿ ಹೇಳಲಿಲ್ಲ. ಅವರ ಮನಿತನದಾವ್ರು ಅದರಾಗಿದ್ರು ಅಂತ ಕಾಣತೈತಿ.

"ಹಂಗಾರ ದೇಸಗತಿಗೋಳೆಲ್ಲಾ ಮಕ್ಕಳಿಲ್ಲದ ಹಾಳಾದ್ವು ಅನ್ರಿ" ಅಂದ ಯಾರೋ ಒಬ್ಬಾಂವ. ಮುತ್ಯಾ ಕೈ ಎತ್ತಿ ಶಿರಸಂಗಿ ದಿಕ್ಕ ತೋರಿಸಿದ. ಇದ ಸವದತ್ತಿ ಸೀಮಿಯ ಶಿರಸಂಗಿ ಲಿಂಗರಾಜ ದೇಸಾಯರು ಸ್ವತಃ ದತ್ತಕ ಬಂದಾವ್ರು. ಅವರು ತಮ್ಮ ಆಸ್ತಿ ಎಲ್ಲಾ ಸಮಾಜದ ಮಕ್ಕಳ ಓದಿಗೆ ಮೃತ್ಯುಪತ್ರ ಬರದಿಟ್ಟು 1906ರಾಗ ತೀರಿಹೋದ್ರು. ಬೆಳಗಾವಿ ಲಿಂಗರಾಜ ಕಾಲೇಜು ಅವರ ಹೆಸರಿಂದ. ಆ ರೊಕ್ಕದಾಗ ಓದಿದಾವ್ರು ನಮ್ಮ ಓಣ್ಯಾಗೂ ಇದ್ರು. "ಅವರದೂ ಕಾಗದನ ಮತ್ತ" ಅಂದ ಮುತ್ಯಾ. ಅವಂಗ ಕಾಗದ ಅಂದ್ರ ಸಿಟ್ಟು, ಆದ್ರ ಈ ಒಂದು ಕಾಗದಕ್ಕ ಕೈ ಮುಗೀತಿದ್ದ.

ನಮ್ಮ ಸೋದರತ್ತಿ ಅಷ್ಟೊತ್ತನಕಾ ಚಕ್ಕಡಿ ಗಾಲಿಗೆ ಬೆನ್ನ ಹಚ್ಚಿ ಕೂಸಿಗೆ ಮೊಲಿ ಕುಡಿಸ್ಕೊಂತ ಕುಂತಿದ್ಲು. ಮಕ್ಕೊಂಡಾಳ ಅಂತ ತಿಳದಿದ್ವಿ.

"ಯಪ್ಪಾ, ಆ ಹುಡುಗ ಏನಾದ?" ಅಂದ್ಲು.

"ಯಾವ ಹುಡುಗ?"

"ದತ್ತಕದ ಹುಡುಗ. ಮಾಸ್ತಮರಡಿಯಾಂವ."

ರಾಯಣ್ಣನ ಮಂದಿ ಅವನ್ನ ದೊರಿ ಅಂತ ಸಾರಿ ಮುಂದ ಇಟಗೊಂಡ್ರು, ಅವನೂ ಇಂಗ್ರಜರ ಕೈಗೆ ಸಿಕ್ಕ ಅಂತ ಮುತ್ಯಾ ಹೇಳಿದ. ಅಷ್ಟಕ್ಕ ಅತ್ತಿಗೆ ಸಮಾಧಾನ ಆಗಲಿಲ್ಲ. ಎರಡು ಲಡಾಯಿ ಅವನ ಹೆಸರಿಲೆ ಆದ್ವು, ಅವಂಗ ಒಬ್ಬರರೆ ಏನರೆ ಕೇಳಿದ್ರೋ? ಅವನ್ನ ಕಳಿಸಿಕೊಟ್ಟ ಹಡದಾಕಿ ಒಬ್ಬಾಕಿ ಇದ್ಲಲ್ಲ ಮಾಸ್ತಮರಡಿಯೊಳಗ, ಆಕಿಗೆ ಈ ಸುದ್ದಿ ಯಾರು ಮುಟ್ಟಿಸಿದ್ರು, ಏನಂತ ಮುಟ್ಟಿಸಿದ್ರು?

ಮುತ್ಯಾಗ ಸಿಟ್ಟು ಬಂತು. "ಅದು ಕಥಿಯೊಳಗಿಲ್ಲ" ಅಂದ.

"ಇಲ್ಲದಿದ್ರ ಹಾಕು" ಅಂದ್ಲು ಅತ್ತಿ.